ಹೊಸ ಕಾರಿನ ಮೊದಲ ಸಾವಿರ ಕಿಲೋಮೀಟರು



ಕಾರಿಗಾಗಿ ಕಾಯುವುದು ನಮ್ಮ ದೇಶದಲ್ಲಿ ಒಂದು ತಪಸ್ಸೇ ಆಗಿದ್ದ ಕಾಲವೊಂದಿತ್ತು. ಅಂಬಾಸಿಡರ್ ಇಲ್ಲವೇ ಪದ್ಮಿನಿ, ಇವೆರಡರ ಆಚೆಗೆ ಆಯ್ಕೆಯೇ ಇಲ್ಲವೆನ್ನುವಂತಿದ್ದ ಆ ದಿನಗಳಲ್ಲಿ ಮುಂಗಡ ಕಟ್ಟಿದವರು ವರ್ಷಗಟ್ಟಲೆ ಹೆಸರು ಬರುವುದನ್ನು ಎದುರುನೋಡುತ್ತಿದ್ದರು. ಮದುವೆಗೆಂದು ಬುಕ್ ಮಾಡಿದ ಸ್ಕೂಟರು ಮಗುವಿನ ಅಕ್ಷರಾಭ್ಯಾಸದ ಹೊತ್ತಿಗೆ ಬಂತೆಂಬ ಹಾಸ್ಯವನ್ನು ನನ್ನ ವಯಸ್ಸಿನವರೆಲ್ಲರೂ ಕೇಳಿಯೇ ಇರುತ್ತೀರಿ. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಹರಪಾಲ್ ಸಿಂಗ್ ಎಂಬವರಿಗೆ ಅಂದಿನ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರು ಮೊಟ್ಟಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ತಮ್ಮ ಕೈಯಾರೆ ಕೊಟ್ಟರು. ಆ ಪುಣ್ಯಾತ್ಮರು 2010ರಲ್ಲಿ ತೀರಿಕೊಳ್ಳುವವರೆಗೂ ಆ ಕಾರನ್ನು ಬಿಟ್ಟುಕೊಡಲಿಲ್ಲವಂತೆ. ಬಹುಕಾಲ ಕಾದು ಪಡೆದ ವಸ್ತುವಿನ ಮೇಲೆ ಮನುಷ್ಯನಿಗೆ ಹುಟ್ಟುವ ಮಮತೆ ಅಂತಹುದು.

1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟು ಸಡಿಲವಾದ ಬಳಿಕ ಆ ತೆರನ ಕಾಯುವಿಕೆ ಬಹುಮಟ್ಟಿಗೆ ಮುಗಿಯಿತು. ಇಂದು ಬೇಡಿಕೆ ಹೆಚ್ಚಿರುವ ಕೆಲವು ಕಾರುಗಳಿಗೆ ಮಾತ್ರ ಕೆಲವು ವಾರ, ಕೆಲವು ತಿಂಗಳು ಕಾಯಬೇಕಾದೀತು. ಆದರೆ ಮಧ್ಯಮ ವರ್ಗದ ಮನೆಗಳಲ್ಲಿ ನಿಜವಾದ ಕಾಯುವಿಕೆ ನಡೆಯುವುದು ಶೋರೂಮಿನಲ್ಲಲ್ಲ. ನಿವೇಶನದ ಸಾಲ ತೀರಲಿ, ಮಗಳ ಓದು ಮುಗಿಯಲಿ, ಹಿರಿಯರ ಶಸ್ತ್ರಚಿಕಿತ್ಸೆಯ ಖರ್ಚು ಕಳೆಯಲಿ ಎಂದು ಹದಿನೈದು ಇಪ್ಪತ್ತು ವರ್ಷ ಮುಂದೂಡಿದ ಆಸೆ ಅದು. ಆದುದರಿಂದಲೇ ಕಾರು ಬರುವುದು ಖಚಿತವಾದೊಡನೆ ಇಡೀ ಮನೆ ಒಮ್ಮೆಗೇ ಎದ್ದು ಹೊರಡಲು ಹವಣಿಸುತ್ತದೆ.

ನಮ್ಮ ಕೋಣನಕುಂಟೆಯ ಬೀದಿಯಲ್ಲಿಯೇ ಅಂಥದೊಂದು ಮನೆಯಿದೆ. (ಕುಂಟೆಯೆಂದರೆ ಚಿಕ್ಕ ಕೆರೆ, ನೀರಿನ ಹೊಂಡ, ಕೋಣಗಳು ಮೀಯುತ್ತಿದ್ದ ಕುಂಟೆಯ ಊರಿನಲ್ಲಿ ಈಗ ಕಾರು ನಿಲ್ಲಿಸಲು ಜಾಗವಿಲ್ಲವೆಂಬುದು ಕಾಲದ ಮಹಿಮೆ!) ಮನೆಯ ಯಜಮಾನರು ನಿವೃತ್ತರು, ಸಜ್ಜನರು. ಮಗ ಖಾಸಗಿ ಕಂಪನಿಯಲ್ಲಿ ನೌಕರ, ಸೊಸೆ ಶಾಲಾ ಶಿಕ್ಷಕಿ. ಆಕೆ ಈಚೆಗೆ ವಾಹನ ಚಾಲನೆ ಕಲಿತು ಲೈಸೆನ್ಸ್ ಪಡೆದಿದ್ದಾರೆ. ಹನ್ನೆರಡರ ಮೊಮ್ಮಗನಿದ್ದಾನೆ. ಯಜಮಾನರ ತಾಯಿಯವರು ಎಂಬತ್ತು ದಾಟಿದವರು. ಮೊಣಕಾಲಿನ ನೋವಿನಿಂದಾಗಿ ಮೂರು ವರ್ಷಗಳಿಂದ ಅವರು ಬಸ್ಸಿನ ಮೆಟ್ಟಿಲು ಹತ್ತಿಲ್ಲ. ಕಳೆದ ತಿಂಗಳು ಯಜಮಾನರು ಒಂದು ಹಾಳೆಯನ್ನು ಹಿಡಿದು ಬಂದು, “ಗುರುಗಳೇ, ಕಾರು ತರೋದಕ್ಕೆ ಒಂದು ಒಳ್ಳೆಯ ದಿನ ಹೇಳಿ. ಮಿಕ್ಕದ್ದೆಲ್ಲ ನಾವೇ ಗೊತ್ತು ಮಾಡಿಕೊಂಡಿದ್ದೇವೆ” ಎಂದರು.

ಹಾಳೆಯಲ್ಲಿ ಮೊದಲ ವಾರದ ಕಾರ್ಯಕ್ರಮವಿತ್ತು. ಮೊದಲ ದಿನ ಶೋರೂಮಿನಿಂದ ನೇರವಾಗಿ ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನಕ್ಕೆ ಹೋಗಿ ಪೂಜೆ. ಎರಡನೆಯ ದಿನ ಜಯನಗರ, ಬನಶಂಕರಿಗಳ ಬಂಧುಗಳ ಮನೆಗಳಿಗೆ ಸಿಹಿ ಹಂಚುವುದು. ಮೂರನೆಯ ದಿನ ಸೊಸೆಯ ತವರಾದ ತಿಪಟೂರು. ಐದನೆಯ ದಿನ ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಕೂಡಲಸಂಗಮ, ಮರುದಿನ ಬಸವನ ಬಾಗೇವಾಡಿ, ಅದರ ಮರುದಿನವೇ ಹಿಂದಕ್ಕೆ. ಕೊನೆಯಲ್ಲಿ ಹುಡುಗನ ಅಕ್ಷರದಲ್ಲಿ ‘ನಂದಿ ಬೆಟ್ಟ’ ಎಂದು ಬರೆದು ಎರಡು ಗೆರೆ ಎಳೆಯಲಾಗಿತ್ತು. ಹಿರಿಯ ತಾಯಿಯವರ ಹೆಸರಿನಲ್ಲಿ ಒಂದು ಸಾಲೂ ಇರಲಿಲ್ಲ. ಕೇಳಿದರೆ, “ಅವ್ವ ಏನೂ ಕೇಳಲಿಲ್ಲ” ಎಂದರು.

ಒಳ್ಳೆಯ ದಿನದ ವಿಚಾರವನ್ನು ಮೊದಲು ಮುಗಿಸುತ್ತೇನೆ. ಶರಣಧರ್ಮವನ್ನು ಒಪ್ಪಿದ ಮನೆಗಳಲ್ಲಿ ದಿನ, ವಾರ, ರಾಹುಕಾಲಗಳ ಭಯ ಇರಬೇಕಾದುದಿಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ಬಸವಾದಿ ಪ್ರಮಥರು ಆ ಭಯವನ್ನು ನಿರಾಕರಿಸಿದರು. ಕಾರಿಗೆ ಒಳ್ಳೆಯ ದಿನವೆಂದರೆ ಕಾಗದಪತ್ರಗಳೆಲ್ಲ ಕೈಸೇರಿದ ದಿನ. ಮನೆಮಂದಿಗೆ ಅವಸರವಿಲ್ಲದ ದಿನ. ಆಷಾಢ ಕಳೆಯಲಿ ಎಂದು ಕಾಯುವವರು ಶ್ರಾವಣದ ಮೊದಲ ಶುಕ್ರವಾರ ಶೋರೂಮಿನ ಜಂಗುಳಿಯಲ್ಲಿ ನಿಂತು, ಯಾವುದನ್ನೂ ಸರಿಯಾಗಿ ನೋಡದೆ ಕೀಲಿಕೈ ಪಡೆದು ಬರುವುದನ್ನು ಕಂಡಿದ್ದೇನೆ.

ನೋಡಬೇಕಾದುದಾದರೂ ಏನು? ಹಗಲು ಬೆಳಕಿನಲ್ಲಿ ವಾಹನವನ್ನು ಸುತ್ತಿ ಬನ್ನಿರಿ. ದೀಪಾಲಂಕಾರದ ಕೆಳಗೆ ಗೀರುಗಳು ಕಾಣುವುದಿಲ್ಲ. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳು ಬಿಲ್ಲಿನಲ್ಲಿಯೂ ವಿಮಾಪತ್ರದಲ್ಲಿಯೂ ವಾಹನದ ಮೇಲೂ ಒಂದೇ ಆಗಿರುವುವೋ ಎಂದು ಓದಿ ನೋಡಿರಿ. ತಯಾರಾದ ತಿಂಗಳನ್ನು ಕೇಳಿರಿ. ಸ್ಟೆಪ್ನಿ, ಜಾಕ್, ಎರಡನೆಯ ಕೀಲಿಕೈಗಳನ್ನು ಎಣಿಸಿಕೊಳ್ಳಿರಿ. 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಅತಿಸುರಕ್ಷಿತ ನೋಂದಣಿ ಫಲಕವನ್ನು ಅಳವಡಿಸಿಯೇ ಕೊಡಬೇಕೆಂಬ ನಿಯಮವಿದೆ. ಫಲಕ ಆಮೇಲೆ ಬರುತ್ತದೆ, ಈಗ ತೆಗೆದುಕೊಂಡು ಹೋಗಿ ಎಂದರೆ ಒಪ್ಪಬೇಡಿರಿ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ನಮ್ಮ ಸ್ವಂತ ಕಾರಿಗಾಗುವ ಹಾನಿಯ ವಿಮೆ ಸಾಮಾನ್ಯವಾಗಿ ಒಂದೇ ವರ್ಷದ್ದಾಗಿರುತ್ತದೆ. ‘ಮೂರು ವರ್ಷ ಯೋಚನೆಯಿಲ್ಲ’ ಎಂದು ನಂಬಿ ಎರಡನೆಯ ವರ್ಷ ಮೈಮರೆಯುವವರು ಹಲವರು.

ಇನ್ನು ಮೊದಲ ಸಾವಿರ ಕಿಲೋಮೀಟರಿನ ಮಾತು. ಇದೇ ನನಗೆ ಮುಖ್ಯವಾಗಿ ಹೇಳಬೇಕೆನಿಸಿದ ವಿಷಯ.

ನಮ್ಮ ಹಳ್ಳಿಗಳಲ್ಲಿ ಹೋರಿಯನ್ನು ನೊಗಕ್ಕೆ ಪಳಗಿಸುತ್ತಿದ್ದ ಬಗೆಯನ್ನು ಹಿರಿಯರು ಬಲ್ಲರು. ಮೊದಲ ದಿನವೇ ಹೇರು ತುಂಬಿದ ಗಾಡಿಗೆ ಕಟ್ಟುತ್ತಿರಲಿಲ್ಲ. ಬರಿಯ ನೊಗ ಹೊರಿಸಿ, ಪಳಗಿದ ಎತ್ತಿನ ಜೊತೆ ನಡೆಸಿ, ಆ ಮೇಲೆ ಖಾಲಿ ಗಾಡಿ, ಆ ಮೇಲೆ ಅರ್ಧ ಹೇರು. ಹೋರಿ ಗಾಡಿಯನ್ನು ಅರಿಯುತ್ತಿತ್ತು; ಗಾಡಿ ಹೊಡೆಯುವವನು ಹೋರಿಯನ್ನು ಅರಿಯುತ್ತಿದ್ದ. ಹೊಸ ಎಂಜಿನ್ನಿನ ವಿಷಯವೂ ಇದಕ್ಕೆ ತೀರ ದೂರವಾದುದಲ್ಲ. ಅದರೊಳಗಿನ ಪಿಸ್ಟನ್ ಉಂಗುರಗಳು ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳಬೇಕು. ಬ್ರೇಕಿನ ಪ್ಯಾಡುಗಳು ಡಿಸ್ಕಿಗೆ ಮೈಗೂಡಬೇಕು. ಹೊಸ ಟೈರಿನ ಮೇಲ್ಮೈ ಮೊದಲ ಕೆಲವು ನೂರು ಕಿಲೋಮೀಟರು ತುಸು ಜಾರುವ ಸ್ವಭಾವದ್ದಾಗಿರುತ್ತದೆ. ಆದುದರಿಂದಲೇ ತಯಾರಕರ ಕೈಪಿಡಿಗಳು ಮೊದಲ ಸಾವಿರ ಕಿಲೋಮೀಟರು ಎಕ್ಸಿಲರೇಟರನ್ನು ಪೂರ್ತಿ ಒತ್ತಬೇಡಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ, ತಟ್ಟನೆ ಬ್ರೇಕ್ ಹಾಕುವ ಸಂದರ್ಭ ತಂದುಕೊಳ್ಳಬೇಡಿ ಎಂದು ಬರೆಯುತ್ತವೆ. ಇಂದಿನ ಎಂಜಿನ್ನುಗಳು ಹಿಂದಿನವಕ್ಕಿಂತ ನಯವಾಗಿ ತಯಾರಾಗುತ್ತವೆ, ನಿಜ. ಅಂಬಾಸಿಡರ್ ಕಾಲದಷ್ಟು ಕಟ್ಟುನಿಟ್ಟು ಬೇಕಿಲ್ಲ. ಆದರೆ ಚಾಲಕನ ಕೈಕಾಲುಗಳನ್ನು ಯಾವ ಕಾರ್ಖಾನೆಯೂ ನಯಗೊಳಿಸಿ ಕಳುಹಿಸುವುದಿಲ್ಲವಷ್ಟೆ. ಹನ್ನೆರಡು ವರ್ಷ ಸ್ಕೂಟರನ್ನೇ ಓಡಿಸಿದ ಮಗ, ತರಬೇತಿ ಶಾಲೆಯ ಕಾರನ್ನು ಬಿಟ್ಟು ಬೇರೆಯದನ್ನು ಮುಟ್ಟದ ಸೊಸೆ, ಇವರಿಬ್ಬರೂ ಐದನೆಯ ದಿನವೇ ಸುಮಾರು 450 ಕಿಲೋಮೀಟರು ದೂರದ ಕೂಡಲಸಂಗಮಕ್ಕೆ, ಅದೂ ನಸುಕಿನ ಕತ್ತಲೆಯಲ್ಲಿ ಹೊರಡುವುದೆಂದರೆ ಹೋರಿಗೂ ಹೇರು, ಗಾಡಿಯವನಿಗೂ ಹೇರು. ಸಂಗಮನಾಥನು ಎಲ್ಲಿಗೂ ಹೋಗುವುದಿಲ್ಲ. ಮೂರು ತಿಂಗಳ ನಂತರ ಹೋದರೂ ಕೃಷ್ಣೆ ಮಲಪ್ರಭೆಯರು ಅಲ್ಲಿಯೇ ಕೂಡುತ್ತಿರುತ್ತಾರೆ.

ಯಜಮಾನರಿಗೆ ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. “ಸೊಸೆ ಓಡಿಸ್ತೀನಿ ಅಂತಾಳೆ, ಮೊದಲ ಆರು ತಿಂಗಳು ಬೇಡ ಅಂತ ನೀವಾದರೂ ಹೇಳಿ” ಎಂದರು. ನಾನು ಹೇಳಲಿಲ್ಲ. ಅದಕ್ಕೆ ಬದಲಾಗಿ ಜರ್ಮನಿಯ ಒಬ್ಬ ಗೃಹಿಣಿಯ ಕಥೆಯನ್ನು ಹೇಳಿದೆನು. ಓದುಗರೂ ಅದನ್ನು ಕೇಳಬೇಕು.

ಕಾರ್ಲ್ ಬೆಂಜ್ ಎಂಬಾತ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಮೋಟಾರು ವಾಹನವನ್ನು ಜನ ಕುತೂಹಲದಿಂದ ನೋಡುತ್ತಿದ್ದರೇ ಹೊರತು ಕೊಳ್ಳಲು ಮುಂದೆ ಬರುತ್ತಿರಲಿಲ್ಲ. 1888ರ ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಆತನ ಮಡದಿ ಬರ್ತಾ ಬೆಂಜ್, ಗಂಡನಿಗೆ ಮುಂಚಿತವಾಗಿ ತಿಳಿಸದೆ, ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್ ಪಟ್ಟಣದಿಂದ ಫೋರ್ಟ್ಸ್‌ಹೈಮ್‌ಗೆ ಹೊರಟುಬಿಟ್ಟಳು. ಅದು ಆಕೆಯ ತವರೂರು! ನೂರು ಕಿಲೋಮೀಟರಿಗೂ ತುಸು ಹೆಚ್ಚಿನ ದಾರಿ. ಪೆಟ್ರೋಲ್ ಬಂಕ್ ಎಂಬುದೇ ಲೋಕದಲ್ಲಿ ಇರಲಿಲ್ಲ. ವೀಸ್ಲೊಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯುವ ದ್ರಾವಣವನ್ನು ಕೊಂಡು ಇಂಧನವಾಗಿ ಸುರಿದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದಳು. ಏರುದಾರಿಯಲ್ಲಿ ಮಕ್ಕಳು ಇಳಿದು ತಳ್ಳಿದರು. ಬ್ರೇಕಿನ ಮರದ ತುಂಡು ಸವೆದಾಗ ದಾರಿಯ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿದಳು. ಬ್ರೇಕಿಗೆ ಹೊದಿಕೆ ಹಾಕುವ ಕ್ರಮ ಹುಟ್ಟಿದ್ದು ಹೀಗೆ. ಹಿಂದಿರುಗಿದ ಮೇಲೆ ಏರು ಹತ್ತಲು ಇನ್ನೊಂದು ಗೇರು ಬೇಕೆಂದು ಗಂಡನಿಗೆ ಸೂಚಿಸಿದ್ದೂ ಉಂಟು. ಲೋಕದ ಮೊದಲ ದೂರದ ಕಾರುಪ್ರಯಾಣ ಮಾಡಿದ್ದು ತವರಿಗೆ ಹೊರಟ ಒಬ್ಬ ತಾಯಿ ಎಂಬುದನ್ನು ತಿಳಿದ ಮೇಲೆ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ತಿಪಟೂರಿಗೆ ಅವಳೇ ಓಡಿಸಲಿ ಅನ್ನಿ” ಎಂದರು. ಓಡಿಸಲಿ, ಆದರೆ ಮೂರನೆಯ ದಿನ ಬೇಡ. ಮೊದಲ ಎರಡು ಭಾನುವಾರ ಬೆಳಗ್ಗೆ ಆರರಿಂದ ಎಂಟರವರೆಗೆ ನಮ್ಮ ಒಳಬೀದಿಗಳಲ್ಲಿ, ಆ ಮೇಲೆ ದೊಡ್ಡಕಲ್ಲಸಂದ್ರದ ಕಡೆಗೆ, ಅನಂತರ ಹೆದ್ದಾರಿ. ಗಂಡನೂ ಇದೇ ಕ್ರಮದಲ್ಲಿಯೇ ಕಲಿಯಬೇಕು. ಗಂಡಸಿನ ಕೈಗೆ ಸ್ಟಿಯರಿಂಗ್ ಹುಟ್ಟಿನಿಂದಲೇ ಬಂದಿರುವುದಿಲ್ಲ.

ಪೂಜೆಯ ಮಾತಿಗೆ ಬರುತ್ತೇನೆ. ವಾಹನಕ್ಕೆ ವಿಭೂತಿ ಹಚ್ಚಿ, ಹೂವೇರಿಸಿ, ಕಾಯಿ ಒಡೆದು ಮನೆಮಂದಿ ಒಂದಾಗಿ ನಿಲ್ಲುವುದನ್ನು ನಾನು ಆಕ್ಷೇಪಿಸುವುದಿಲ್ಲ. ಗಾಳಿ ಆಂಜನೇಯನ ಸನ್ನಿಧಿಗೆ ಬೆಂಗಳೂರಿನ ಅರ್ಧ ವಾಹನಗಳು ಹೋಗಿ ಬಂದಿರಬಹುದು. ಆದರೆ ಮಾರನೆಯ ದಿನವೂ ಆ ಹೂಮಾಲೆ ಮುಂದಿನ ಗಾಜಿನ ಮೇಲೆ ತೂಗಾಡುತ್ತಿರಬಾರದು. ಆಯುಧಪೂಜೆಯ ದಿನ ನಡುರಸ್ತೆಯಲ್ಲಿ ಒಡೆದ ಬೂದುಗುಂಬಳಕಾಯಿಯ ಹೋಳಿನ ಮೇಲೆ ದ್ವಿಚಕ್ರ ವಾಹನದವರು ಜಾರಿ ಬೀಳುವುದು ಈ ಊರಿನಲ್ಲಿ ಕಂಡೂ ಕಂಡೂ ಸಾಕಾದ ಸಂಗತಿ. ನಮ್ಮ ದೃಷ್ಟಿ ತೆಗೆಯಲು ಹೋಗಿ ಇನ್ನೊಬ್ಬರ ಕಾಲು ಮುರಿಯುವುದು ಯಾವ ಪೂಜೆ? ಒಡೆದ ಕಾಯಿಯನ್ನು ಅಲ್ಲಿಯೇ ಬಾಚಿ ತೆಗೆಯಬೇಕು.

ಡ್ಯಾಶ್‌ಬೋರ್ಡಿನ ಮೇಲೆ ಬಸವಣ್ಣನವರದೋ ಶಿವಲಿಂಗದ್ದೋ ಹಿತ್ತಾಳೆಯ ಮೂರ್ತಿಯನ್ನು ಅಂಟಿಸುವ ರೂಢಿಯ ಬಗ್ಗೆಯೂ ಒಂದು ಮಾತು. ಇಂದಿನ ಕಾರುಗಳಲ್ಲಿ ಮುಂದಿನ ಪ್ರಯಾಣಿಕನ ಏರ್‌ಬ್ಯಾಗ್ ಅಡಗಿರುವುದು ಆ ಹಲಗೆಯೊಳಗೆಯೇ. ಅಪಘಾತವಾದ ಕ್ಷಣದಲ್ಲಿ, ಕಣ್ಣು ಮಿಟುಕಿಸುವುದಕ್ಕಿಂತಲೂ ಮೊದಲು, ಅದು ಸಿಡಿದು ಬಿಚ್ಚಿಕೊಳ್ಳುತ್ತದೆ. ಅದರ ಮೇಲಿರುವ ಲೋಹದ ಮೂರ್ತಿ ಕುಳಿತವರ ಮುಖಕ್ಕೆ ಗುಂಡಿನಂತೆ ಬರುತ್ತದೆ. ಕರಸ್ಥಲದಲ್ಲಿಯೇ ಇಷ್ಟಲಿಂಗವುಳ್ಳ ನಮಗೆ ಡ್ಯಾಶ್‌ಬೋರ್ಡಿನ ಮೇಲೊಂದು ಸ್ಥಾವರ ಬೇಕೆ? ಹಾಗೆಯೇ ಬಂಪರಿನ ಮುಂದೆ ಕಬ್ಬಿಣದ ಕಂಬಿ ಕಟ್ಟಿಸುವ ಹುಚ್ಚು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು ಇಂಥ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆಯಿತು. ಅವು ಪಾದಚಾರಿಗಳಿಗೆ ಮಾರಕ. ಏರ್‌ಬ್ಯಾಗಿನ ಕೆಲಸಕ್ಕೂ ಅಡ್ಡಿ. ಸೀಟಿಗೆ ಹಾಕಿಸುವ ದಪ್ಪ ಕವರುಗಳು ಪಕ್ಕದ ಏರ್‌ಬ್ಯಾಗನ್ನು ಕಟ್ಟಿಹಾಕಬಲ್ಲವು. ಮೂವತ್ತು ಸಾವಿರ ಕೊಟ್ಟು ಅಲಂಕಾರದ ಅಂಗಡಿಯಲ್ಲಿ ಅಪಾಯವನ್ನು ಕೊಂಡು ತರುವುದು ಬೇಡ.

ಸೀಟ್ ಬೆಲ್ಟಿನ ವಿಷಯದಲ್ಲಿ ನಮ್ಮ ಮನೆಗಳ ಉದಾಸೀನ ನನಗೆ ನಿಜವಾಗಿ ನೋವು ತರುತ್ತದೆ. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರೆಂದು ಸರಕಾರದ ವರದಿಯೇ ಹೇಳುತ್ತದೆ. ಅದೇ ವರ್ಷ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ತೀರಿಕೊಂಡ ಉದ್ಯಮಿ ಸೈರಸ್ ಮಿಸ್ತ್ರಿಯವರು ಬಲು ದುಬಾರಿ ಕಾರಿನಲ್ಲಿಯೇ ಇದ್ದರು. ಹಿಂದಿನ ಸೀಟಿನಲ್ಲಿ ಬೆಲ್ಟ್ ಧರಿಸದೆ ಕುಳಿತಿದ್ದರು. ಐದು ಸೀಟಿನ ಕಾರಿನಲ್ಲಿ ಏಳು ಜನ ಕೂರುವುದು, ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲಲ್ಲಿಟ್ಟುಕೊಳ್ಳುವುದು ನಮ್ಮಲ್ಲಿ ಅಕ್ಕರೆಯ ಗುರುತಾಗಿಬಿಟ್ಟಿದೆ. ಬಂಧುಗಳು ಹೆಚ್ಚಾದರೆ ಎರಡು ಸಲ ಹೋಗಿ ಬನ್ನಿರಿ, ಇಲ್ಲವೇ ಮೆಟ್ರೋ ಹತ್ತಿರಿ. 2021ರ ಜನವರಿಯಿಂದ ಕೋಣನಕುಂಟೆ ಕ್ರಾಸಿನಲ್ಲಿಯೇ ನಿಲ್ದಾಣವಿದೆ. ಅಂದ ಹಾಗೆ, ಕಾರು ಬಂದಿತೆಂದು ಮಗ ಕಚೇರಿಗೆ ಮೆಟ್ರೋ ಬಿಟ್ಟು ಕಾರಿನಲ್ಲಿ ಹೋಗತೊಡಗಿದರೆ ಕನಕಪುರ ರಸ್ತೆಗೆ ಇನ್ನೊಂದು ಕಾರು ಸೇರುತ್ತದೆ, ಅವನ ದಿನದಿಂದ ಒಂದು ಗಂಟೆ ಕಳೆಯುತ್ತದೆ, ಅಷ್ಟೇ.

ಸಾಲದ ವಿಷಯ ಬರೆಯದೆ ಈ ಲೇಖನವನ್ನು ಮುಗಿಸುವಂತಿಲ್ಲ. ಲಾಲ್ ಬಹದ್ದೂರ್ ಶಾಸ್ತ್ರಿಯವರು ಪ್ರಧಾನಿಯಾದ ಮೇಲೆ ಮಕ್ಕಳ ಒತ್ತಾಯಕ್ಕೆ ಮಣಿದು ಒಂದು ಫಿಯೆಟ್ ಕಾರನ್ನು ಕೊಂಡರು. ಬೆಲೆ 12,000 ರೂಪಾಯಿ, ಅವರಲ್ಲಿದ್ದುದು 7,000. ಉಳಿದ 5,000ಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ ಮಾಡಿದರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡಾಗ ಸಾಲ ಉಳಿದಿತ್ತು. ಪತ್ನಿ ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ಅದನ್ನು ತೀರಿಸಿದರು. ಪ್ರಾಮಾಣಿಕತೆಗೆ ಉದಾಹರಣೆಯೆಂದು ಇದನ್ನು ಎಲ್ಲರೂ ಹೇಳುತ್ತಾರೆ, ಸರಿಯೇ. ನನಗೆ ಇದರಲ್ಲಿ ಇನ್ನೊಂದು ಎಚ್ಚರಿಕೆಯೂ ಕಾಣುತ್ತದೆ. ಕೊಂಡವರು ಹೋದ ಮೇಲೂ ಕಂತು ನಿಲ್ಲುವುದಿಲ್ಲ. ಕಾರಿನ ಕಂತು ಕಟ್ಟುವವರು ಯಾರು, ಅವರಿಗೆ ಏನಾದರೂ ಆದರೆ ಮುಂದೇನು ಎಂಬ ಮಾತನ್ನು ಗಂಡಹೆಂಡಿರು ಬುಕಿಂಗ್ ಮಾಡುವ ಮುನ್ನ ಒಮ್ಮೆ ಕುಳಿತು ಆಡಿರಬೇಕು. ಶೋರೂಮಿನ ಬೆಲೆಯ ಮೇಲೆ ವಿಮೆಯಿದೆ, ಕರ್ನಾಟಕದ ಜೀವಿತಾವಧಿ ತೆರಿಗೆಯಿದೆ. ಪೆಟ್ರೋಲ್ ಕಾರಿಗೆ ಬೆಲೆಗೆ ತಕ್ಕಂತೆ ಶೇಕಡ 13ರಿಂದ 18ರವರೆಗೆ, ಅದರ ಮೇಲೆ ಉಪಕರ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿದುದರಿಂದ ಕೊಂಚ ಉಳಿತಾಯವಾಗಿದೆ. ಆ ಉಳಿದ ಹಣದಲ್ಲಿ ದೊಡ್ಡ ಮಾದರಿಯ ಕಾರಿಗೆ ಜಿಗಿಯುವ ಬದಲು ಸಾಲವನ್ನು ಕಿರಿದುಗೊಳಿಸುವುದು ಲೇಸು.

ನಮ್ಮ ಬೀದಿಯ ಅಗಲವನ್ನೂ ನೆನೆಯಿರಿ. ಎರಡೂ ಬದಿಗೆ ಕಾರು ನಿಂತರೆ ರಾತ್ರಿ ಹೊತ್ತು ಆಂಬುಲೆನ್ಸ್ ಬರಲಾರದು. ಕಾಂಪೌಂಡಿನೊಳಗೆ ಕಾರು ಹಿಡಿಯುತ್ತದೆಯೋ ಇಲ್ಲವೋ ಎಂದು ಟೇಪು ಹಿಡಿದು ಅಳೆದ ಬಳಿಕವೇ ಮಾದರಿಯನ್ನು ಆರಿಸಬೇಕಾದುದು. ಪಕ್ಕದ ಮನೆಯವರಿಗೆ ಅರ್ಧರಾತ್ರಿಯಲ್ಲಿ ಎದೆನೋವು ಬಂದು ಬಾಗಿಲು ತಟ್ಟಿದರೆ ಕೀಲಿಕೈ ಎಲ್ಲಿದೆಯೆಂದು ಹುಡುಕಬೇಕಾಗಬಾರದು; ಬಾಗಿಲ ಬಳಿಯ ಮೊಳೆಗೇ ಅದನ್ನು ತೂಗುಹಾಕಿರಿ. ನಮ್ಮಲ್ಲಿ ದಾಸೋಹವೆಂದರೆ ಅನ್ನವೊಂದೇ ಅಲ್ಲ. ನಾನು ಓದಿದ ಮಠದಲ್ಲಿ ಒಂದು ಹಳೆಯ ಜೀಪಿತ್ತು. ಸುತ್ತಲಿನ ಹಳ್ಳಿಗಳಿಂದ ರಾಗಿ, ಅಕ್ಕಿ ತರುವುದು ಅದರ ಕೆಲಸ. ಆದರೆ ಅದು ಹೆಚ್ಚು ಓಡಿದ್ದು ಹೆರಿಗೆಗೆ, ಹಾವು ಕಡಿತಕ್ಕೆ, ತಾಲ್ಲೂಕು ಆಸ್ಪತ್ರೆಯ ಕಡೆಗೆ. ಪೂಜ್ಯರು ಅದಕ್ಕೆ ಹೊಸ ಬಣ್ಣ ಹೊಡೆಸಲು ಕೊನೆಯವರೆಗೂ ಒಪ್ಪಲಿಲ್ಲ.

ಕೊನೆಗೆ ಹಾಳೆಯನ್ನು ತಿದ್ದಿದ್ದು ಹೀಗೆ. ಬಂಧುಗಳ ಮನೆಗೆ ಸಿಹಿಯನ್ನು ಸ್ಕೂಟರಿನಲ್ಲಿಯೇ ಕಳುಹಿಸುವುದು. ಮೊದಲ ವಾರ ಒಳಬೀದಿಗಳ ಓಡಾಟ. ಎರಡನೆಯ ವಾರ ಕನಕಪುರ. ತಿಂಗಳೊಳಗೆ ನೈಸ್ ರಸ್ತೆ ಹಿಡಿದು ತುಮಕೂರಿನ ಸಿದ್ಧಗಂಗೆ. ಅಷ್ಟರಲ್ಲಿ ಸಾವಿರ ಕಿಲೋಮೀಟರು ಆಗಲಿ ಆಗದಿರಲಿ, ಒಂದು ತಿಂಗಳಿಗೆ ಮೊದಲ ಸರ್ವೀಸ್. ಅನಂತರ ತಿಪಟೂರು. ನಂದಿ ಬೆಟ್ಟದ ತಿರುವುಗಳು ಶಾಲೆಯ ರಜೆಗೆ, ಕೂಡಲಸಂಗಮ ಚಳಿಗಾಲಕ್ಕೆ.

ಕನಕಪುರವನ್ನು ಸೇರಿಸಿದ್ದೇಕೆಂದರೆ, ಹಿರಿಯ ತಾಯಿಯವರ ತಂಗಿ ಅಲ್ಲಿಂದಾಚೆಗಿನ ಒಂದು ಹಳ್ಳಿಯಲ್ಲಿದ್ದಾರೆ. ಅಕ್ಕತಂಗಿಯರು ಮುಖ ನೋಡಿ ಮೂರು ವರ್ಷವಾಯಿತು. ಇದನ್ನು ನನಗೆ ಹೇಳಿದವನು ಮೊಮ್ಮಗ. “ಅಜ್ಜಿ ಫೋನಿನಲ್ಲಿ ಮಾತಾಡಿ ಆಮೇಲೆ ಅಳ್ತಾರೆ” ಎಂದ. ಕನಕಪುರಕ್ಕೆ ನಮ್ಮಲ್ಲಿಂದ ನಲವತ್ತು ನಲವತ್ತೈದು ಕಿಲೋಮೀಟರು. ಭಾನುವಾರ ಬೇಡ, ಸಂಗಮ ಮೇಕೆದಾಟುಗಳಿಗೆ ಹೊರಟವರ ಕಾರುಗಳೇ ದಾರಿಯ ತುಂಬ. ಗುರುವಾರ ಮಗ ರಜೆ ಹಾಕಲಿ. ಬೆಳಗಿನ ಫಲಾಹಾರ ಮುಗಿಸಿ ಹೊರಟು, ತಲಘಟ್ಟಪುರ, ಕಗ್ಗಲೀಪುರ ದಾಟಿ, ಹಾರೋಹಳ್ಳಿಯಲ್ಲಿ ಒಮ್ಮೆ ನಿಲ್ಲಿಸಿ ಅವರು ಕಾಲು ನೀಡಿಕೊಳ್ಳಲಿ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ ಅವರನ್ನೇ ಅಲ್ಲಿ ಕೂರಿಸಬೇಕು. ಮೊದಲು ಅಡ್ಡಲಾಗಿ ಕುಳಿತು, ಆಮೇಲೆ ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತಂದುಕೊಂಡರೆ ಮೊಣಕಾಲಿಗೆ ನೋವಾಗದು. ಇಳಿಯುವಾಗ ಕಾಲಿಡಲು ಒಂದು ಮಣೆಯನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳಲಿ. ಮಧ್ಯಾಹ್ನದ ಊಟ ಅಲ್ಲಿಯೇ ಆಗಲಿ. ಹೊತ್ತು ಮುಳುಗುವುದರೊಳಗೆ ಅರ್ಕಾವತಿಯನ್ನು ದಾಟಿ ಹಿಂದಿರುಗುವ ದಾರಿ ಹಿಡಿದರೆ ಸಾಕು.